ಲಿಂಬೆಯ ಧಾರಣೆ: ಗಿಡದಲ್ಲೊಂದು, ಅಂಗಡಿಯಲ್ಲೊಂದು

ಲಿಂಬೆಯ ಹಣ್ಣು ಶ್ರೀಮಂತನಿಗೂ ಬೇಕು, ಕೂಲಿಕಾರನಿಗೂ ಬೇಕು. ಊಟಕ್ಕೆ ಬೇಕು, ಉಪ್ಪಿನಕಾಯಿಗೆ ಬೇಕು, ಆಯುಧಪೂಜೆಯ ದಿನ ಗಾಡಿಯ ಗಾಲಿಗೆ ಬೇಕು, ಅಮಾವಾಸ್ಯೆಗೆ ಅಂಗಡಿಯ ಬಾಗಿಲಿಗೆ ಬೇಕು. ಇಷ್ಟು ಸಾರ್ವತ್ರಿಕವಾದ ಪದಾರ್ಥದ ಬೆಲೆಯನ್ನು ಯಾರು ನಿಶ್ಚಯಿಸುತ್ತಾರೆ, ಎಲ್ಲಿ ನಿಶ್ಚಯಿಸುತ್ತಾರೆ ಎಂದು ವಿಚಾರಿಸಿದವರು ಮಾತ್ರ ನಮ್ಮಲ್ಲಿ ವಿರಳ. ಬೀದರ ಜಿಲ್ಲೆಯ ಬೇಮಳಖೇಡದಂತಹ ಊರಿನ ಸಂತೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುವುದು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ. ಆ ಸೀಮೆಯು ತೊಗರಿ, ಉದ್ದು, ಹೆಸರು, ಸೋಯಾಗಳದು; ಲಿಂಬೆಯು ಅಲ್ಲಿಯ ಪ್ರಧಾನ ಬೆಳೆಯಲ್ಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಹುಮನಾಬಾದದ ಮೇಲೆಯೇ ಹಾಯ್ದುಹೋಗುತ್ತದೆ. ಅದರ ಎರಡು ತುದಿಗಳ ದೊಡ್ಡ ಪೇಟೆಗಳು ನುಡಿದ ಧಾರಣೆಯೇ ನಡುವಿನ ಹಳ್ಳಿಗಳಿಗೂ ಧಾರಣೆಯಾಗುತ್ತದೆ.

ಕನ್ನಡ ನಾಡಿನೊಳಗೆ ಲಿಂಬೆಗೆ ಹೆಸರಾದುದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ಅಲ್ಲಿಯ ಕಾಗಜಿ ಲಿಂಬೆ ತೆಳು ಸಿಪ್ಪೆಯದು, ರಸವತ್ತಾದುದು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ರಾಜ್ಯ ಸರಕಾರವು ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿಯೊಂದನ್ನೂ ಸ್ಥಾಪಿಸಿದೆ. ಕೀರ್ತಿಗೆ ಕೊರತೆಯಿಲ್ಲ. ಆದರೆ ಮಳೆಗಾಲದಲ್ಲಿ ಕೀಳುವ ಕೂಲಿಯೂ ಹುಟ್ಟದೆಂದು ಕಾಯನ್ನು ಗಿಡದಲ್ಲಿಯೇ ಬಿಡುವ ಒಕ್ಕಲಿಗನಿಗೂ, ಬೇಸಿಗೆಯಲ್ಲಿ ಒಂದು ಹಣ್ಣು ಕೊಳ್ಳಲು ಹಿಂದೆಮುಂದೆ ನೋಡುವ ಗೃಹಿಣಿಗೂ ಆ ಕೀರ್ತಿಯಿಂದ ಆಗುವ ಲಾಭ ಅಲ್ಪ.

ಈ ಏರಿಳಿತವನ್ನು ವ್ಯಾಪಾರಿಯ ದುರಾಶೆಯೊಂದಕ್ಕೇ ಅಂಟಿಸುವುದು ನ್ಯಾಯವಾಗದು. ಲಿಂಬೆಯ ಗಿಡ ವರ್ಷದಲ್ಲಿ ಮೂರು ಸಲ ಹೂ ಬಿಡುತ್ತದೆ. ಹೂವು ಕೊಯ್ಲಿಗೆ ಬರಲು ಐದಾರು ತಿಂಗಳು ಹಿಡಿಯುತ್ತದೆ. ಜನವರಿ-ಫೆಬ್ರುವರಿಯ ಅಂಬೆ ಬಹಾರದ ಕಾಯಿ ಮಳೆಗಾಲದಲ್ಲಿ ಪೇಟೆ ಕಾಣುತ್ತದೆ, ಜೂನ್-ಜುಲೈಯ ಮೃಗ ಬಹಾರದ್ದು ಚಳಿಗಾಲದಲ್ಲಿ. ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರದ್ದು ಮಾತ್ರ ಜನ ಬಾಯಾರಿ ಬಳಲುವ ಕಾಲಕ್ಕೆ ಸರಿಯಾಗಿ ಬರುತ್ತದೆ. ಬೆಲೆಯೆಲ್ಲ ಅದಕ್ಕೇ. ಹಾಗಾದರೆ ಎಲ್ಲರೂ ಅದನ್ನೇ ಏಕೆ ಹಿಡಿಯಬಾರದು ಎಂದು ಪಟ್ಟಣದ ವಾಚಕರು ಕೇಳಬಹುದು. ಹೂ ಬಿಡಿಸಬೇಕಾದರೆ ಮೊದಲು ಕೆಲವು ವಾರ ಗಿಡಕ್ಕೆ ನೀರು ತಪ್ಪಿಸಬೇಕು. ಮೇಲಿನಿಂದ ಮಳೆ ಸುರಿಯುತ್ತಿರುವಾಗ ನೀರು ತಪ್ಪಿಸುವ ಉಪಾಯವನ್ನು ಯಾವ ಕೃಷಿಪಂಡಿತನೂ ಹೇಳಿಕೊಟ್ಟಿಲ್ಲ. 2022ರ ಏಪ್ರಿಲಿನಲ್ಲಿ ಒಂದು ಲಿಂಬೆಗೆ ಹತ್ತು ರೂಪಾಯಿ ಕೊಟ್ಟುದನ್ನು ಅನೇಕರು ಮರೆತಿರಲಾರರು. ಹಿಂದಿನ ವರ್ಷದ ಅಕಾಲದ ಮಳೆ ಅನೇಕ ಕಡೆ ಹೂವನ್ನು ಕೆಡಿಸಿತ್ತು. ಅದರ ಬೆನ್ನಿಗೇ ಬಂದ ಮಾರ್ಚ್ ತಿಂಗಳು, 1901ರಿಂದ ಇಟ್ಟ ದಾಖಲೆಯಲ್ಲಿ ಅದುವರೆಗೆ ಕಾಣದಷ್ಟು ಬಿಸಿಯಾಗಿತ್ತು.

ಇದು ನಿಸರ್ಗದ ಭಾಗ. ಮನುಷ್ಯರ ಭಾಗವೂ ಒಂದಿದೆ. ನಮ್ಮ ಹಣ್ಣಿನ ತೋಟಗಳಲ್ಲಿ ಕಾಯಿ ಇನ್ನೂ ಮಿಡಿಯಾಗಿರುವಾಗಲೇ ಇಡೀ ಫಸಲನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಗುತ್ತಿಗೆದಾರನು ಸಾಲುಗಳ ನಡುವೆ ಒಂದು ಸುತ್ತು ತಿರುಗಿ, ಕಣ್ಣಂದಾಜಿನ ಮೇಲೆ ಒಂದು ಮೊತ್ತ ಹೇಳುತ್ತಾನೆ. ಒಕ್ಕಲಿಗನಿಗೆ ಕೈಗೆ ಮುಂಗಡ ಬೀಳುತ್ತದೆ. ಕೀಳುವ, ಕಾಯುವ, ಸಾಗಿಸುವ ಕಾಟ ತಪ್ಪುತ್ತದೆ. ಬೇಸಿಗೆಯಲ್ಲಿ ಬೆಲೆ ಏರಿದರೆ ಅದು ಗುತ್ತಿಗೆದಾರನ ಪಾಲು. ಬೆಲೆ ಬಿದ್ದರೆ ಮಾತ್ರ, ಉಳಿದ ಹಣವನ್ನು ಚೌಕಾಸಿ ಮಾಡುವುದಕ್ಕೆ ಆತ ಮರಳಿ ಬರುತ್ತಾನೆ. ಬರೆದುಕೊಂಡ ಕಾಗದವಿಲ್ಲದಿದ್ದ ಮೇಲೆ ಯಾವ ಚಾವಡಿಗೆ ಹೋಗಿ ನ್ಯಾಯ ಕೇಳುವುದು?

ನಮ್ಮಲ್ಲಿ ಕಾಯಿದೆಗಳಿಲ್ಲವೆಂದಲ್ಲ. ಬೇಮಳಖೇಡವು ನಿಜಾಮನ ಆಳಿಕೆಯಲ್ಲಿದ್ದಾಗಲೇ, 1930ರಲ್ಲಿ, ಹೈದರಾಬಾದ ಸಂಸ್ಥಾನವು ಕೃಷಿ ಮಾರುಕಟ್ಟೆಗಳ ಕಾಯಿದೆಯನ್ನು ಮಾಡಿತು. ಮುಂಬಯಿ ಇಲಾಖೆಗೆ ಸೇರಿದ್ದ ಇಂಡಿಗೆ 1939ರ ಕಾಯಿದೆ ಬಂದಿತು. 1948ರಲ್ಲಿ ನಿಜಾಮಶಾಹಿ ಅಳಿದು, 1956ರಲ್ಲಿ ಕನ್ನಡ ನಾಡು ಒಂದುಗೂಡಿ, 1966ರಲ್ಲಿ ಎರಡೂ ಸೀಮೆಗಳಿಗೆ ಒಂದೇ ಮಾರುಕಟ್ಟೆ ಕಾಯಿದೆಯಾಯಿತು. ಕೈವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವ ಗುಟ್ಟಿನ ವ್ಯಾಪಾರವನ್ನು ಹೋಗಲಾಡಿಸಿ ಬಹಿರಂಗ ಲಿಲಾವನ್ನು ತರಲು ಇಂತಹ ಕಾಯಿದೆಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಇವೆಲ್ಲವುಗಳ ದೃಷ್ಟಿ ಮಾರುಕಟ್ಟೆಯ ಪ್ರಾಂಗಣದ ಮೇಲೆ. ಲಿಂಬೆಯ ನಿಜವಾದ ಬೆಲೆ ನಿಶ್ಚಯವಾಗುವುದೋ ಗಿಡದ ಕೆಳಗೆ, ಪ್ರಾಂಗಣದ ಹೆಬ್ಬಾಗಿಲಿನಿಂದ ಹತ್ತಾರು ಮೈಲಿ ದೂರದಲ್ಲಿ.

ಇದು ನಮ್ಮ ಬಡ ದೇಶದ ಹಣೆಬರಹವೆಂದು ಯಾರೂ ತಿಳಿಯಬೇಕಾಗಿಲ್ಲ. ಕಿತ್ತಳೆ-ಲಿಂಬೆಗಳನ್ನು ಹೊರದೇಶಗಳಿಗೆ ಕಳಿಸುವುದರಲ್ಲಿ ಜಗತ್ತಿಗೇ ಮುಂದಾದ ಸ್ಪೇನ್ ದೇಶದ ವೆಲೆನ್ಸಿಯಾ ಪ್ರಾಂತದಲ್ಲಿಯೂ ಫಸಲನ್ನು ಗಿಡದ ಮೇಲೆಯೇ ಕಣ್ಣಂದಾಜಿನಿಂದ ಮಾರುವ ರೂಢಿಯಿದೆ. ಅವರ ಭಾಷೆಯಲ್ಲಿ ಆ ವ್ಯವಹಾರದ ಹೆಸರಿಗೂ ಕಣ್ಣಂದಾಜೆಂದೇ ಅರ್ಥ. ಅಲ್ಲಿಯೂ ಒಕ್ಕಲಿಗರು ಬೀದಿಗಿಳಿದು ಕೂಗಿದ್ದಾರೆ. ಆ ಕೂಗಿನ ಫಲವಾಗಿ 2013ರಲ್ಲಿ ಆಹಾರ ವ್ಯಾಪಾರಕ್ಕೆ ಪ್ರತ್ಯೇಕ ಕಾಯಿದೆ ಬಂದಿತು. 2021ರ ಡಿಸೆಂಬರದಲ್ಲಿ ಅದನ್ನು ಬಿಗಿಗೊಳಿಸಲಾಯಿತು. 1,000 ಯೂರೋ ಮುಟ್ಟಿದ ವ್ಯವಹಾರಕ್ಕೆ ಬರೆದ ಕರಾರು ಬೇಕು. ಬೆಳೆದವನಿಗೆ ಸಲ್ಲುವ ಬೆಲೆ ಆತನ ಖರ್ಚಿಗಿಂತ ಕಡಿಮೆಯಿರಕೂಡದು. ಕಟ್ಟಳೆ ಮೀರಿದವರಿಗೆ ದಂಡ. ಇದರಿಂದ ಅಲ್ಲಿ ರಾಮರಾಜ್ಯವಾಯಿತೆಂದು ನಾವು ಹೇಳುವುದಿಲ್ಲ. ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಮುರ್ಸಿಯಾ, ಅಲಿಕಾಂಟೆ ಭಾಗಗಳಲ್ಲಿ ಲಿಂಬೆಯ ತೋಟಗಳು ಮಿತಿಮೀರಿ ಎದ್ದವು. ತರುವಾಯ 2024ರಲ್ಲಿ ಅಲ್ಲಿಯ ತೋಟಗಾರರೂ ಹಣ್ಣನ್ನು ಗಿಡದಲ್ಲಿಯೇ ಬಿಡಬೇಕಾಯಿತು. ಕೊಳ್ಳುವವನೇ ಇಲ್ಲದಾಗ ಖರ್ಚಿನ ಬೆಲೆ ಕೊಡೆಂದು ಕಾಯಿದೆಯು ಯಾರಿಗೆ ಹೇಳಬೇಕು? ಆದರೆ ಕೊಳ್ಳುವವನು ಬಂದು ಮಾತು ಕೊಟ್ಟ ಮೇಲೆ ಆತ ಜಾರಿಕೊಳ್ಳದಂತೆ ಕಾಗದ ಹಿಡಿದಿಡುತ್ತದೆ.

ಸ್ಪೇನಿನವರು ಆ ಕಾಯಿದೆಯನ್ನು ಬಿಗಿಗೊಳಿಸಿದ ಚಳಿಗಾಲದಲ್ಲಿಯೇ ನಮ್ಮ ಸಂಸತ್ತು 2020ರ ಮೂರು ಕೃಷಿ ಕಾಯಿದೆಗಳನ್ನು ಹಿಂತೆಗೆದುಕೊಂಡಿತು. ಅವುಗಳಲ್ಲೊಂದು ಕರಾರಿಗೆ ಸಂಬಂಧಿಸಿದುದು. ಕರಾರಿನ ತಂಟೆಗಳನ್ನು ದಿವಾಣಿ ನ್ಯಾಯಾಲಯದಿಂದ ಹೊರಗಿಟ್ಟು ಉಪವಿಭಾಗಾಧಿಕಾರಿಯ ಕೈಗೆ ಒಪ್ಪಿಸಿದ್ದ ಆ ಕಾಯಿದೆಯನ್ನು ರೈತರು ನಂಬದೆ ಹೋದುದು ಆಶ್ಚರ್ಯವಲ್ಲ. ಆದರೆ ಅದರೊಂದಿಗೆ ಬರೆದ ಕರಾರೆಂಬ ವಿಚಾರವೇ ಮೂಲೆಗೆ ಬಿದ್ದುದನ್ನು ನಾವು ಒಪ್ಪಲಾರೆವು.

ಇನ್ನೊಂದು ಮಾತು. ಸ್ಪೇನಿನ ರೈತಸಂಘವೊಂದು ಪ್ರತಿ ತಿಂಗಳೂ ಹೊಲದ ಬೆಲೆಯನ್ನೂ ಅಂಗಡಿಯ ಬೆಲೆಯನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸುತ್ತದೆ. ಓದಿದವನಿಗೆ ಎಷ್ಟು ಪಟ್ಟು ಅಂತರವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಮ್ಮಲ್ಲಿ ಮಾರುಕಟ್ಟೆಯ ಸಗಟು ಧಾರಣೆ ದಿನವೂ ಪ್ರಕಟವಾಗುತ್ತದೆ; ಅಂಗಡಿಯ ಧಾರಣೆಯನ್ನು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಬೇರೆಯಾಗಿ ಸಂಗ್ರಹಿಸುತ್ತದೆ. 2024ರ ಆಗಸ್ಟಿನಲ್ಲಿ ಆ ಇಲಾಖೆ ತನ್ನ ಯಾದಿಯ 22 ಪದಾರ್ಥಗಳನ್ನು 38ಕ್ಕೆ ಏರಿಸಿತು. ಬದನೆ ಸೇರಿತು, ಬಾಳೆ ಸೇರಿತು, ಜೀರಿಗೆಯೂ ಸೇರಿತು. ಲಿಂಬೆ ಸೇರಲಿಲ್ಲ. ಮೇಲಾಗಿ ಪೇಟೆಯಲ್ಲಿ ಚೀಲದ ಲೆಕ್ಕ, ಸಂತೆಯಲ್ಲಿ ಕಾಯಿಯ ಲೆಕ್ಕ. ತೂಕದ ಗೊಡವೆಯೇ ಇಲ್ಲದುದರಿಂದ ಎರಡನ್ನೂ ಹೋಲಿಸಿ ನೋಡುವುದು ಅಧಿಕಾರಿಗೂ ಕಷ್ಟ, ಗಿರಾಕಿಗೂ ಕಷ್ಟ.

ಇಂಡಿಯ ಮಂಡಳಿಯು ಹಸ್ತ ಬಹಾರಕ್ಕೆ ಮೊದಲು ಒಂದು ಪುಟದ ಕರಾರುಪತ್ರವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ತೋಟಗಾರರಿಗೆ ಹಂಚಲಿ. ಗಿಡಗಳ ಸಂಖ್ಯೆ, ಮೊತ್ತ, ಹಣ ಸಲ್ಲಿಸುವ ದಿನ, ಗಾಳಿಮಳೆಗೆ ಕಾಯಿ ಉದುರಿದರೆ ನಷ್ಟ ಯಾರದೆಂಬುದು, ಇಷ್ಟು ಅದರಲ್ಲಿದ್ದರೆ ಸಾಕು. ಮುಂಗಡದ ಅವಸರದಲ್ಲಿರುವವನು ಕಾಗದ ಕೇಳುವ ಧೈರ್ಯ ಮಾಡಲಾರನೆಂಬ ಆಕ್ಷೇಪಣೆ ಬರುವುದು ನಮಗೆ ಗೊತ್ತಿದೆ, ಅದು ನಿಜವೂ ಹೌದು. ಮುಂಗಡವು ಗುತ್ತಿಗೆದಾರನಿಂದಲೇ ಬರಬೇಕಾದ ತನಕ ಕರಾರಿನ ಮಾತು ಅರ್ಧ ಸುಳ್ಳೇ. ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಕಾರ್ಯದಲ್ಲಿ ಬೀದರ ಜಿಲ್ಲಾ ಸಹಕಾರಿ ಬ್ಯಾಂಕು ದೇಶದಲ್ಲಿಯೇ ಹೆಸರು ಮಾಡಿದೆ. ಹೂ ಕಚ್ಚಿದ ತೋಟದ ಆಧಾರದ ಮೇಲೆ ಐದಾರು ತಿಂಗಳ ಸಣ್ಣ ಸಾಲ ಕೊಡುವುದನ್ನು ಅಂತಹ ಸಹಕಾರಿ ಸಂಸ್ಥೆಗಳು ವಿಜಯಪುರದಲ್ಲಿಯೂ ಬೀದರದಲ್ಲಿಯೂ ಒಂದು ಹಂಗಾಮಿಗಾದರೂ ಪ್ರಯತ್ನಿಸಿ ನೋಡಲೆಂದು ನಾವು ಸಂಬಂಧಪಟ್ಟ ಅಧಿಕಾರಿಗಳನ್ನು ಒತ್ತಾಯಿಸುತ್ತೇವೆ.