ಎರೆ ಸೀಮೆಯ ಮನೆ: ಮಣ್ಣು, ಬೂದಿ, ಕಾಂಕ್ರೀಟಿನ ಬಗ್ಗೆ ನಂಬಿಕೆ ಮತ್ತು ನಿಜ

ರಾಯಚೂರು ಜಿಲ್ಲೆಯ ಮುಕ್ಕುಂದ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹಳೆಯ ಮಾಳಿಗೆ ಮನೆಗಳು ಉರುಳಿ ಆ ಜಾಗದಲ್ಲಿ ಆರ್‌ಸಿಸಿ ಮನೆಗಳು ಏಳುತ್ತಿವೆ. ಯಾಕೆ ಕೆಡವಿದಿರಿ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಮಣ್ಣಿನ ಮನೆ ಮಳೆಗೆ ನಿಲ್ಲುವುದಿಲ್ಲ.

ಈ ಮಾತಿನ ಹಿಂದೆ ನೋವಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, ನೆರೆಗೆ ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅಸಂಖ್ಯ ಮನೆಗಳು ಕುಸಿದವು. ಆದರೆ ಮಣ್ಣಿನ ಗೋಡೆ ಬೀಳುವುದು ಬಹುಮಟ್ಟಿಗೆ ಎರಡು ಕಡೆಯಿಂದ. ಬುಡದಲ್ಲಿ ನೀರು ನಿಂತರೆ ಕೆಳಗಿನಿಂದ, ಮಾಳಿಗೆ ಸೋರಿದರೆ ಮೇಲಿನಿಂದ. ಕಲ್ಲಿನ ಕಟ್ಟೆಯನ್ನು ಎತ್ತರಕ್ಕೆ ಕಟ್ಟಿ, ಗೋಡೆಯಿಂದಾಚೆ ಸೂರು ಚಾಚಿಸಿ, ವರ್ಷಕ್ಕೊಮ್ಮೆ ಮಾಳಿಗೆಯ ಮಣ್ಣು ಸರಿಮಾಡುತ್ತ ಬಂದ ಮನೆಗಳು ತಲೆಮಾರುಗಳ ಕಾಲ ನಿಂತಿವೆ. ಮಸ್ಕಿ, ಲಿಂಗಸುಗೂರು ಕಡೆ ಕಟ್ಟೆಗೆ ಬೇಕಾದ ಗಟ್ಟಿ ಕಲ್ಲಿಗೆ ಬರವೂ ಇಲ್ಲ.

ಇನ್ನೊಂದು ಸಂಗತಿ ಈ ಚರ್ಚೆಯಲ್ಲಿ ಮರೆತೇಹೋಗುತ್ತದೆ. ಇಂದು ವಾಸ್ತುಶಿಲ್ಪಿಗಳು ಬಳಸುವ ಮಣ್ಣಿನ ಇಟ್ಟಿಗೆ ಹಸಿ ಮಣ್ಣಿನ ಮುದ್ದೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ದುಡಿದರು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಭಟ್ಟಿಯೂ ಬೇಡ, ಸೌದೆಯೂ ಬೇಡ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ತಯಾರಿಕೆಯ ಇಂಧನದಲ್ಲಿ ಶೇ 60ರಿಂದ 70ರಷ್ಟು ಉಳಿತಾಯ. ಇಂಥ ಇಟ್ಟಿಗೆಯಲ್ಲಿ ಬೆಂಗಳೂರಿನಲ್ಲಿ ಎರಡು, ಮೂರು ಅಂತಸ್ತಿನ ಮನೆಗಳು ಎದ್ದಿವೆ. ಪುದುಚೇರಿ ಬಳಿಯ ಆರೋವಿಲ್‌ನ ‘ವಿಕಾಸ್’ ವಸತಿ ಸಮುಚ್ಚಯಕ್ಕೆ ನಾಲ್ಕು ಅಂತಸ್ತು.

ಹಾಗಾದರೆ ನಮ್ಮ ಹೊಲದ ಮಣ್ಣನ್ನೇ ಅಗೆದು ಒತ್ತಿದರಾಯಿತು ಎಂಬ ಇನ್ನೊಂದು ತುದಿಯ ಉತ್ಸಾಹವೂ ಅಪಾಯದ್ದೇ. ಸಿಂಧನೂರಿನ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಅಂಗೈ ತೂರುವಷ್ಟು ಬಿರಿಯುತ್ತದೆ. ಬರೀ ಸಿಮೆಂಟ್ ಹಾಕಿ ಅದನ್ನು ಪಳಗಿಸುವುದು ಕಷ್ಟ. ಸುಣ್ಣ ಬೇಕು, ಮರಳೋ ಗರಸೋ ಸಾಕಷ್ಟು ಬೆರೆಯಬೇಕು. ಮಸಾರಿ ಮಣ್ಣು ಸಿಗುವಲ್ಲಿ ಕೆಲಸ ಎಷ್ಟೋ ಹಗುರ. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಗಾಜಿನ ಬಾಟಲಿಗೆ ಕಾಲು ಭಾಗ ಮಣ್ಣು, ಉಳಿದದ್ದಕ್ಕೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ನೋಡನೋಡುತ್ತಲೇ ತಳ ಸೇರುತ್ತದೆ, ಅದರ ಮೇಲೆ ನುಣ್ಣನೆ ಹೂಳು, ಮರುದಿನದ ಹೊತ್ತಿಗೆ ಎಲ್ಲಕ್ಕೂ ಮೇಲೆ ಜಿಗುಟು ಮಣ್ಣಿನ ಪದರ. ಮೂರರಲ್ಲಿ ಎರಡು ಪಾಲಿನಷ್ಟು ಮರಳು ಕಂಡರೆ ಇಟ್ಟಿಗೆಗೆ ಹದವಾದ ಮಣ್ಣು. ಕೊನೆಯ ಮಾತು ಮಾತ್ರ ಪ್ರಯೋಗಾಲಯದ್ದು. ಇಂಥ ಇಟ್ಟಿಗೆಗೆ ಐಎಸ್ 1725 ಎಂಬ ಭಾರತೀಯ ಮಾನಕವಿದೆ.

ಎರೆಭೂಮಿಯಲ್ಲಿ ಗೋಡೆ ಬಿರುಕು ಬಿಟ್ಟೊಡನೆ ಇಟ್ಟಿಗೆಯನ್ನು ಬೈಯುವುದೂ ರೂಢಿ. ಎಷ್ಟೋ ಸಲ ತಪ್ಪು ಬುನಾದಿಯದು. ಉಬ್ಬಿ ಇಳಿಯುವ ನೆಲದ ಮೇಲೆ ಎಂಥ ದುಬಾರಿ ಇಟ್ಟಿಗೆಯೂ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ, ಬುಡದಲ್ಲಿ ಗೆಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿತು.

‘ಬೂದಿ ಇಟ್ಟಿಗೆ ಬೂದಿಯಂತೆಯೇ ಉದುರುತ್ತದೆ.’ ಗೌಂಡಿಗಳ ಬಾಯಲ್ಲೂ ಕೇಳಿಬರುವ ಮಾತಿದು. ಇಲ್ಲಿ ಬೂದಿ ಎಂದರೆ ಕಲ್ಲಿದ್ದಲಿನ ಹಾರುಬೂದಿ. 1985ರಲ್ಲಿ ಮೊದಲ ಘಟಕ ಶುರುವಾದಾಗಿನಿಂದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಕಲ್ಲಿದ್ದಲು ಸುಡುತ್ತಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ ಇರುವುದುಂಟು. ಆ ಹಾರುಬೂದಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ನೀರಿನಲ್ಲಿ ಕೂಡಿ ಸಿಮೆಂಟಿನಂಥ ಬಂಧ ಕಟ್ಟುತ್ತದೆ. ಈ ಕ್ರಿಯೆ ನಿಧಾನದ್ದು. ನೀರುಣಿಸದೆ, ವಾರ ತುಂಬುವ ಮೊದಲೇ ಲಾರಿಗೆ ಏರಿಸಿದ ಇಟ್ಟಿಗೆ ಉದುರುವುದು ಖಂಡಿತ. ಅದು ಅವಸರದ ಫಲ. ಕೊಳ್ಳುವವರು ಕೇಳಬೇಕಾದ್ದು ಎಷ್ಟು ದಿನ ನೀರುಣಿಸಿದ್ದೀರಿ, ಪರೀಕ್ಷಾ ವರದಿ ಎಲ್ಲಿ ಎಂದು.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡಿನಲ್ಲಿ ರೈಸ್‌ಮಿಲ್ಲುಗಳ ಹೊಟ್ಟಿನ ಬೂದಿಯನ್ನೂ ಹೀಗೆ ಬಳಸಬಹುದೆಂಬ ಆಸೆ ಹುಟ್ಟಿದೆ. ಆ ಬೂದಿಯಲ್ಲಿ ಸಿಲಿಕಾ ಹೇರಳ, ನಿಜ. ಆದರೆ ಹದವಾದ ಶಾಖದಲ್ಲಿ ಸುಟ್ಟು, ನುಣ್ಣಗೆ ಅರೆದದ್ದಷ್ಟೇ ಸಿಮೆಂಟಿಗೆ ಜೊತೆಯಾಗುತ್ತದೆ. ಅರೆಬೆಂದ ಕರಿ ಬೂದಿ ಪ್ರಯೋಜನಕ್ಕೆ ಬಾರದು.

ಆರ್‌ಸಿಸಿ ಮನೆ ತಂಪು ಎಂದು ನಂಬುವವರು ಈಗ ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ನಾಲ್ಕೈದು ಇಂಚಿನ ಬರಿಯ ಸ್ಲ್ಯಾಬು ಹಗಲಿಡೀ ಕಾದು ರಾತ್ರಿ ಮಲಗಿದವರ ಮೇಲೆ ಬಿಸಿ ಸುರಿಯುತ್ತದೆ. ಹಳೆಯ ಮಾಳಿಗೆಯ ತೊಲೆ, ಜಂತಿಗಳ ಮೇಲಿನ ದಪ್ಪ ಮಣ್ಣು ಆ ಶಾಖವನ್ನು ತಡೆಯುತ್ತಿತ್ತು. ಹಾಗೆಂದು ಪರಿಹಾರವೆಂದರೆ ಏ.ಸಿ. ಎಂಬ ತೀರ್ಮಾನ ಸರಿಯಲ್ಲ. ತಾರಸಿಗೆ ಸುಣ್ಣ ಬಳಿದರೂ ಬಿಸಿಲು ಸಾಕಷ್ಟು ಮರಳಿ ಹೋಗುತ್ತದೆ. ಇನ್ನೊಂದು ದಾರಿ ಸ್ಲ್ಯಾಬಿನಲ್ಲೇ ಇದೆ: ಅದರ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಮಂಗಳೂರು ಹೆಂಚು ಜೋಡಿಸಿ ಎರಕ ಹೊಯ್ಯುವ ವಿಧಾನವನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದರು. ಸಿಮೆಂಟು ಉಳಿಯುತ್ತದೆ, ಕೆಳಗಿನಿಂದ ನೋಡಿದರೆ ಕೆಂಪು ಹೆಂಚಿನ ಸಾಲು ಕಾಣುತ್ತದೆ, ಬಣ್ಣದ ಖರ್ಚಿಲ್ಲ.

ಪರಿಸರಸ್ನೇಹಿ ಮನೆ ನೋಡಲು ಒರಟು ಎಂಬ ಅನುಮಾನಕ್ಕೆ ಈ ಸೂರೇ ಉತ್ತರ. ಗಿಲಾವು ಮಾಡದೆ ಬಿಟ್ಟ ಮಣ್ಣಿನ ಇಟ್ಟಿಗೆ, ಕಾಲಡಿಗೆ ಶಹಾಬಾದ್ ಕಲ್ಲು, ಗಾಳಿಗೆ ಇಟ್ಟಿಗೆಯ ಜಾಲಂದರ ಸೇರಿದರೆ ಬೇರೆ ಅಲಂಕಾರ ಬೇಕಾಗದು. ಬಿಸಿಲಿಗೆ ಮುಖಮಾಡಿದ ಗಾಜಿನ ಗೋಡೆಗಿಂತ ಅದು ಈ ಸೀಮೆಗೆ ಚಂದವಾಗಿ ಒಪ್ಪುತ್ತದೆ.

ಅಗ್ಗವೋ ಎಂಬ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಲೆಕ್ಕವಿಲ್ಲ. ಮಣ್ಣು ನಿವೇಶನದ ಹತ್ತಿರವೇ ಸಿಕ್ಕಿ, ಯಂತ್ರ ಅಲ್ಲಿಗೇ ಬಂದರೆ ಖರ್ಚು ಇಳಿಯುತ್ತದೆ. ಅದೇ ಇಟ್ಟಿಗೆಯನ್ನು ಬೆಂಗಳೂರಿನಿಂದ ಲಾರಿಯಲ್ಲಿ ತರಿಸಿದರೆ ಸಾಗಣೆ ಬಾಡಿಗೆ, ಡೀಸೆಲ್ ಹೊಗೆ ಎರಡೂ ಸೇರಿ ಉಳಿತಾಯವನ್ನು ನುಂಗುತ್ತವೆ.