ಬೀರುವಿನ ಮೇಲಿನ ಲ್ಯಾಪ್‌ಟಾಪ್‌ಗೆ ಪೆಂಗ್ವಿನ್ ಮದ್ದು

ಬೀರುವಿನ ಮೇಲೆ ಬಟ್ಟೆಚೀಲದಲ್ಲಿ ಸುತ್ತಿಟ್ಟ ಹಳೆಯ ಲ್ಯಾಪ್‌ಟಾಪ್ ಒಂದು ಈಗ ಅನೇಕ ಮನೆಗಳಲ್ಲಿದೆ. ಮಗನೋ ಮಗಳೋ ಹೊಸದು ಕೊಂಡಾಗ ಅಜ್ಜನ ಪಾಲಿಗೆ ಬಂದದ್ದು. ಆನ್ ಮಾಡಿದರೆ ಕಾಫಿ ಕುಡಿದು ಬರುವಷ್ಟು ಹೊತ್ತು ಚಕ್ರ ತಿರುಗುತ್ತಲೇ ಇರುತ್ತದೆ. ಸಾಲದ್ದಕ್ಕೆ ಇನ್ನೊಂದು ತಾಪತ್ರಯ: ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಸೋಣ ಎಂದರೆ ಅದು ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ರಿಪೇರಿಯವರು "ಗುಜರಿಗೆ ಹಾಕಿ ಸಾರ್" ಎಂದುಬಿಡುತ್ತಾರೆ.

ಗುಜರಿಗೆ ಹಾಕುವ ಮುನ್ನ ಮೊಮ್ಮಕ್ಕಳನ್ನು ಕರೆಯಿರಿ. ಒಂದು ಭಾನುವಾರ ಮತ್ತು ಒಂದು ಪೆನ್‌ಡ್ರೈವ್ ಇದ್ದರೆ, ಆ ಯಂತ್ರದಲ್ಲಿ ಇನ್ನೂ ಜೀವ ಇದೆಯೇ ಎಂದು ನೀವೇ ನೋಡಬಹುದು. ಮದ್ದಿನ ಹೆಸರು ಲಿನಕ್ಸ್.

ವಿಂಡೋಸ್‌ನಂತೆ ಇದೂ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ಹವ್ಯಾಸಕ್ಕೆಂದು ಬರೆದ. ಆಗ ಅವನ ವಯಸ್ಸು 21. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಘೋಷಿಸಿದ್ದ 'ಗ್ನು' ಯೋಜನೆಯ ತಂತ್ರಾಂಶಗಳು ಅದರ ಜೊತೆ ಸೇರಿದವು. ಅಂಗಡಿಯ ಸಾರಿನಪುಡಿ ಪೊಟ್ಟಣದಲ್ಲಿ ಯಾವುದು ಎಷ್ಟಿದೆ ಎಂದು ನಮಗೆ ಗೊತ್ತಾಗದು. ಅಜ್ಜಿಯ ಸಾರಿನಪುಡಿಯ ಅಳತೆಯನ್ನು ಬರೆದುಕೊಂಡು, ಖಾರ ಕಡಿಮೆ ಮಾಡಿ, ನೆರೆಮನೆಗೂ ಕೊಡಬಹುದು. ಲಿನಕ್ಸ್ ಎರಡನೆಯ ಬಗೆಯದು. 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದ ಟಕ್ಸ್ ಎಂಬ ದುಂಡು ಪೆಂಗ್ವಿನ್ ಅದರ ಗುರುತು. ಅಜ್ಜ, ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗಿನ ತಿರುಳೂ ಲಿನಕ್ಸೇ! ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಕಂಪ್ಯೂಟರ್ ಪಾಠ ನಡೆಯುವುದು ಇದರಲ್ಲೇ. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹೊಸತೇನಲ್ಲ.

ಲಿನಕ್ಸ್‌ನಲ್ಲಿ ಹತ್ತಾರು ತಳಿಗಳಿವೆ. ವಿಂಡೋಸ್ ಬಳಸಿ ರೂಢಿಯಾದವರಿಗೆ 'ಲಿನಕ್ಸ್ ಮಿಂಟ್' ಸುಲಭ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು. 4 ಜಿಬಿ ಇದ್ದರೆ ಆರಾಮ. ಅದರ ಅಧಿಕೃತ ತಾಣದಿಂದ ಕಡತವನ್ನು ಉಚಿತವಾಗಿ ಇಳಿಸಿಕೊಂಡು, 'ಎಚರ್' ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಅದನ್ನು ಚುಚ್ಚಿ, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಬೇಕು. ಯಾವ ಕೀಲಿ ಎಂಬುದು ಕಂಪನಿಗೊಂದು ಥರ; ಇಲ್ಲಿ ಮೊಮ್ಮಕ್ಕಳ ಬೆರಳೇ ಚುರುಕು.

ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲೇ ಇದೆ. ಹೀಗೆ ಪೆನ್‌ಡ್ರೈವ್‌ನಿಂದ ನಡೆಸುವಾಗ ಲ್ಯಾಪ್‌ಟಾಪಿನೊಳಗಿನ ವಿಂಡೋಸ್ ಇದ್ದಂತೆಯೇ ಇರುತ್ತದೆ. ವೈಫೈ ಸಿಗುತ್ತದೆಯೇ, ಹಾಡು ಕೇಳಿಸುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಪರೀಕ್ಷಿಸಬಹುದು. ಮನಸ್ಸಿಗೆ ಬಾರದಿದ್ದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರಾಯಿತು. ಸ್ವಲ್ಪ ನಿಧಾನ ಅನ್ನಿಸುತ್ತದೆ, ಅದಕ್ಕೆ ಪೆನ್‌ಡ್ರೈವೇ ಕಾರಣ.

ಹಿಡಿಸಿತು, ಒಳಗೇ ಸ್ಥಾಪಿಸೋಣ ಎಂದರೆ ಮಾತ್ರ ನಿಲ್ಲಿ! ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಒತ್ತಿದರೆ ಮದುವೆಯ ಫೋಟೋ, ಮಗುವಿನ ನಾಮಕರಣದ ವಿಡಿಯೊ, ಅಜ್ಜಿ ಬರೆದಿಟ್ಟ ಹಾಡುಗಳು ಎಲ್ಲವೂ ಹೋಗುತ್ತವೆ. ಮೊದಲು ಅವನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ, ಆಮೇಲೆ ಮುಂದುವರಿಯಿರಿ. 'ನುಡಿ'ಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತಗಳಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಾವು.

ಕನ್ನಡ ಟೈಪಿಂಗ್ ಹೇಗೆ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ 'ಕೆಜಿಪಿ' ಎಂಬ ಹೆಸರಿನಲ್ಲಿ ಇಲ್ಲಿಯೂ ಸಿಗುತ್ತದೆ. 'ಐಬಸ್' ಮತ್ತು ಅದರ ಜೊತೆಯ 'ಎಂ17ಎನ್' ಹಾಕಿಕೊಂಡರೆ ಸಾಕು. ಒತ್ತಕ್ಷರಕ್ಕೆ ಎಫ್ ಒತ್ತಿ ಬೆರಳು ಪಳಗಿದವರು ಬೇರೆ ಕಲಿಯಬೇಕಿಲ್ಲ. ಪತ್ರ, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಇದೆ. ವರ್ಡ್ ಕಡತಗಳನ್ನೂ ತೆರೆಯುತ್ತದೆ. ಪುಟಾಣಿಗಳಿಗೆ ಚಿತ್ರ ಬರೆಯಲು ಟಕ್ಸ್ ಪೇಂಟ್, ಲೆಕ್ಕ ಮತ್ತು ಒಗಟಿನ ಆಟಗಳಿಗೆ ಜಿಕಾಂಪ್ರಿ. ಮಧ್ಯೆ ಜಾಹೀರಾತು ಜಿಗಿಯುವುದಿಲ್ಲ ಎಂಬುದೇ ದೊಡ್ಡ ನೆಮ್ಮದಿ.

ಖಾಸಗಿತನದ ಲೆಕ್ಕದಲ್ಲೂ ಲಾಭವಿದೆ. ಮಿಂಟ್ ಸ್ಥಾಪಿಸುವಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಫೋನ್ ನಂಬರು, ಇಮೇಲ್ ಕೇಳುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರಿಗೆ 'ಯುಬ್ಲಾಕ್ ಆರಿಜಿನ್' ಸೇರಿಸಿದರೆ, ನೀವು ಯಾವ ಪುಟ ನೋಡಿದಿರಿ ಎಂದು ಬೆನ್ನುಹತ್ತುವ ಬಹಳಷ್ಟು ಜಾಹೀರಾತುಗಳು ಬಾಗಿಲಲ್ಲೇ ನಿಲ್ಲುತ್ತವೆ. ಆದರೆ ಫೋನಿನಲ್ಲಿ ಯಾರೋ ಕೇಳಿದರೆಂದು ಓಟಿಪಿ ಹೇಳಿಬಿಟ್ಟರೆ ಯಾವ ಪೆಂಗ್ವಿನ್ನೂ ಕಾಪಾಡದು.

ಎಲ್ಲರಿಗೂ ಇದು ಒಗ್ಗುತ್ತದೆ ಎನ್ನಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಫೋಟೋಶಾಪ್ ಬೇಕೇ ಬೇಕು ಎನ್ನುವವರು ವಿಂಡೋಸ್ ಬಿಡದಿರುವುದೇ ಒಳ್ಳೆಯದು. ಕೆಲವು ಪ್ರಿಂಟರ್‌ಗಳು ಹಠ ಹಿಡಿಯುತ್ತವೆ. ಮಿಂಟ್ ಹಾಕಿದ ಮೇಲೂ ಲ್ಯಾಪ್‌ಟಾಪ್ ತೆವಳುತ್ತಿದ್ದರೆ, ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ ನೋಡಿ. ತೆಗೆದ ಡಿಸ್ಕನ್ನು ಮಾತ್ರ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯ ಫೋಟೋಗಳಿರುತ್ತವೆ.