ಮೂರು ದರ್ಜೆಯ ಚಂದಾ

ನಮ್ಮ ಪತ್ರಿಕೆಗೆ ಚಂದಾ ಸಲ್ಲಿಸಿದ ವಾಚಕ ಮಹಾಶಯರು ಮುಂದಿನ ವರ್ಷ ಅದನ್ನು ನಿಲ್ಲಿಸಿದರೂ ಹಿಂದಿನ ಸಂಚಿಕೆಗಳು ಅವರ ಮನೆಯಲ್ಲಿಯೇ ಉಳಿಯುತ್ತವೆ. ಇಟ್ಟು ಓದಬಹುದು, ಇಲ್ಲವೇ ವಡೆ ಕಟ್ಟಿಕೊಡಬಹುದು, ನಾವು ಕೇಳುವಂತಿಲ್ಲ. ಗಣಕಯಂತ್ರದ ತಂತ್ರಾಂಶಗಳಿಗೆ ಈಗ ತೆರಬೇಕಾಗಿರುವ ಚಂದಾ ಈ ಬಗೆಯದಲ್ಲ. ಹಣ ನಿಂತೊಡನೆ ಉಪಕರಣವೂ ಕೈಬಿಡುತ್ತದೆ.

ಮೊದಲು ತಂತ್ರಾಂಶವೂ ರುಬ್ಬುವ ಯಂತ್ರದಂತೆ ಒಮ್ಮೆ ಕೊಂಡವನ ಬಳಿಯೇ ಉಳಿಯುತ್ತಿತ್ತು. ಫೋಟೋಶಾಪ್ ಮೊದಲಾದವನ್ನು ಮಾರುವ ಅಡೋಬಿ ಸಂಸ್ಥೆಯು, ಅವುಗಳ ಹೊಸ ಆವೃತ್ತಿಗಳು ಇನ್ನು ಚಂದಾದಾರರಿಗೆ ಮಾತ್ರವೆಂದು 2013ರ ಮೇ ತಿಂಗಳಲ್ಲಿ ಸಾರಿತು. ಒಮ್ಮೆಗೇ ದೊಡ್ಡ ಮೊತ್ತ ತರಲಾರದವನಿಗೆ ತಿಂಗಳ ಹಣ ಹಗುರವೆಂಬುದೂ ನಿಜವೇ. ಆದರೆ ಕಂತಿಗೆ ಕೊನೆಯುಂಟು, ಈ ಚಂದಾಕ್ಕೆ ಇಲ್ಲ.

ಸಣ್ಣವನನ್ನು ಇದಕ್ಕಿಂತಲೂ ಕಾಡುವುದು ದರ್ಜೆಗಳ ಏರ್ಪಾಡು. ರೈಸ್ ಪ್ಲೇಟ್ ಉಂಡವನು ಇನ್ನೊಂದು ಹಪ್ಪಳ ಬೇಡಿದರೆ ನಾವು ಹಪ್ಪಳದ ಹಣವನ್ನಷ್ಟೇ ಪಡೆಯುತ್ತಿದ್ದೆವು. ನಾವು ಹೋಟೆಲು ನಡೆಸುತ್ತಿದ್ದಾಗ ಕೊಂಡ ಬಿಲ್ಲಿನ ತಂತ್ರಾಂಶದ ಮೊದಲ ದರ್ಜೆ ಒಂದೇ ಗಲ್ಲಾಕ್ಕೆ ಮೀಸಲು. ಪಾರ್ಸೆಲಿಗೆಂದು ಬಾಗಿಲ ಬಳಿ ಇನ್ನೊಂದು ಮೇಜು ಹಾಕಿದೊಡನೆ ಮೇಲಿನ ದರ್ಜೆಗೆ ಏರಬೇಕೆಂದರು. ಅದರಲ್ಲಿ ಐದು ಶಾಖೆಗಳ ಲೆಕ್ಕ, ಉಗ್ರಾಣದ ಪಟ್ಟಿ, ಗಿರಾಕಿಗಳಿಗೆ ಹಬ್ಬದ ಶುಭಾಶಯ ಕಳುಹುವ ಸೌಕರ್ಯ ಎಲ್ಲವೂ ಇದ್ದವು. ನಮಗಿದ್ದುದು ಒಂದೇ ಹೋಟೆಲು. ದರವೋ ಇಮ್ಮಡಿಗೂ ಮಿಕ್ಕು. ಕೊನೆಗೆ ನಮ್ಮ ಗುಮಾಸ್ತರು ಪಾರ್ಸೆಲಿನ ಬಿಲ್ಲುಗಳನ್ನು ಕೈಯಲ್ಲಿ ಬರೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಯಂತ್ರಕ್ಕೆ ತುಂಬಿಸಿದರು. ಉಳಿದ ಹಣ ನಮ್ಮದು, ಕಳೆದ ನಿದ್ರೆ ಅವರದು. ಇದನ್ನು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಧರ್ಮಾರ್ಥದ ದರ್ಜೆಯನ್ನು ನಂಬಿದವರ ಪಾಡೂ ಹೇಳತಕ್ಕದ್ದೇ. ಸ್ವಂತ ಅಂಗಡಿಯ ಹೆಸರಿನಲ್ಲಿ ಮಿಂಚಂಚೆ ಇಟ್ಟುಕೊಳ್ಳುವ ಸೌಲಭ್ಯವನ್ನು ಗೂಗಲ್ 2006ರಲ್ಲಿ ಉಚಿತವಾಗಿ ಆರಂಭಿಸಿತು. 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು. ಹಳಬರೂ ಹಣ ತೆರಬೇಕೆಂದು 2022ರ ಜನವರಿಯಲ್ಲಿ ತಿಳಿಸಿತು. ಬಳಕೆದಾರರು ಗದ್ದಲವೆಬ್ಬಿಸಿದ ಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ, ಸ್ವಂತಕ್ಕೆ ಬಳಸುವವರನ್ನು ಮಾತ್ರ ಬಿಟ್ಟಿತು. ವ್ಯಾಪಾರಿಗಳಿಗೆ ತಲೆಯೊಂದಕ್ಕೆ ಇಷ್ಟೆಂದು ದರ. ವಾರಕ್ಕೊಂದು ಪತ್ರ ತೆರೆಯುವ ಅರೆಕಾಲದ ಗುಮಾಸ್ತನೂ ಈ ಲೆಕ್ಕದಲ್ಲಿ ಪೂರ್ಣ ತಲೆಯೇ.

ರಾತ್ರಿವೇಳೆ ನಾಲ್ಕು ಅಂಗಡಿಗಳ ಲೆಕ್ಕ ಬರೆದು ಊರಿಗೆ ಹಣ ಕಳುಹಿಸುವ ಬಂಧುಗಳು ನಮ್ಮ ವಾಚಕರಲ್ಲಿ ಹಲವರಿದ್ದಾರೆ. ಅವರು ಚಂದಾ ಕಟ್ಟುವ ಮುನ್ನ ದರವನ್ನು ಕೇಳಿದಷ್ಟೇ ಗಟ್ಟಿಯಾಗಿ, ಲೆಕ್ಕವನ್ನು ಹೊರತೆಗೆದು ಬೇರೆಡೆ ತೆರೆಯಲು ಬರುವುದೇ ಎಂದು ಕೇಳಬೇಕು. ಪತ್ರ, ಪಟ್ಟಿಗಳ ಕೆಲಸವಷ್ಟೇ ಇದ್ದರೆ 2010ರಲ್ಲಿ ಹುಟ್ಟಿದ ಲಿಬ್ರೆ ಆಫೀಸ್ ಇಂದಿಗೂ ಉಚಿತ. ಜಿ.ಎಸ್.ಟಿ. ನೋಂದಣಿ ಮಾಡಿಸಿದ ವ್ಯಾಪಾರಿಯಾದರೋ, ಆ ವರ್ಷದ ವಾರ್ಷಿಕ ವಿವರ ಸಲ್ಲಿಸಲು ಗೊತ್ತಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕೆಂದು ಕಾಯಿದೆಯಿದೆ. ಚಂದಾ ಅಷ್ಟು ಕಾಲ ಕಾಯುವುದಿಲ್ಲ.

ನಾವು ಹೋಟೆಲು ಬಿಟ್ಟ ಮರುವರ್ಷ ಹಳೆಯ ಬಿಲ್ಲುಗಳು ಬೇಕಾದುವು. ಇನ್ನೊಂದು ತಿಂಗಳ ಚಂದಾ, ಅದೂ ಮೇಲಿನ ದರ್ಜೆಯದನ್ನು, ತೆತ್ತ ಮೇಲೆಯೇ ಅವು ದೊರೆತವು. ಪಾರ್ಸೆಲಿನ ಲೆಕ್ಕ ಮಾತ್ರ ಗುಮಾಸ್ತರ ಕೈಬರಹದಲ್ಲಿ ಕಪಾಟಿನಲ್ಲಿಯೇ ಇತ್ತು.